ಆರು ಬೆರಳಿನ ಕೃಷ್ಣ

ಕದಿರೇಶ ಎಷ್ಟು ಸಲ ಸತ್ತಿದ್ದಾನೆ ಎನ್ನುವುದು ಅವನಿಗೇ ನೆನಪಿಲ್ಲ. ಬಾವಿಗೆ ಬಿದ್ದು ಸತ್ತಿದ್ದಾನೆ. ಬೆಂಕಿಯಲ್ಲಿ ಸತ್ತಿದ್ದಾನೆ. ಮಾಲೂರಿನ ಇಟ್ಟಿಗೆ ಗೂಡಿನ ಪಕ್ಕ ವಿಲನ್ನಿನ ಜೀಪಿನಡಿ ಸಿಕ್ಕಿ ಸತ್ತಿದ್ದಾನೆ. ಒಂದು ಧಾರಾವಾಹಿಯಲ್ಲಿ ಹಾವು ಕಚ್ಚಿ ಸತ್ತು, ಕೆಲವು ತಿಂಗಳಾದ ಮೇಲೆ ಅದೇ ಧಾರಾವಾಹಿಗೆ ಮೀಸೆ ಅಂಟಿಸಿಕೊಂಡು ಬಂದು ಇನ್ನೊಬ್ಬನಾಗಿ ಕುಡಿದು ಸತ್ತಿದ್ದಾನೆ. ಯಾರೂ ಗುರುತು ಹಿಡಿಯಲಿಲ್ಲ. ಆಳಿನ ಮುಖವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೆಣವಾಗುವುದೆಂದರೆ ಬಿದ್ದುಕೊಂಡರೆ ಆಯಿತು ಎಂದು ಜನ ತಿಳಿದಿದ್ದಾರೆ. ಬಿದ್ದುಕೊಂಡು ನೋಡಲಿ. ಬೆನ್ನ ಕೆಳಗೆ ಜಲ್ಲಿಕಲ್ಲು. ಮೇಲೆ ಬಿಸಿಲು. ತುಟಿಯ ಮೇಲೆ ಸಕ್ಕರೆ ಪಾಕದ ರಕ್ತ, ಅದರ ಮೇಲೆ ನೊಣ. ಎದೆ ಅಲುಗಬಾರದು. ಉಸಿರನ್ನು ಹೊಕ್ಕುಳಿನ ಕೆಳಕ್ಕೆ ಇಳಿಸಿ ಅಲ್ಲೇ ಕಟ್ಟಿಹಾಕಬೇಕು. ಹೀರೋ ಬಂದು ಆ ಎದೆಗೆ ಮೊಣಕೈ ಊರಿ ಬಡವರ ಬಗ್ಗೆ ಒಂದು ಪುಟ ಡೈಲಾಗ್ ಹೊಡೆಯುತ್ತಾನೆ. ಅರ್ಧ ಪುಟಕ್ಕೆ ಮರೆಯುತ್ತಾನೆ. ಮತ್ತೆ ಮೊದಲಿನಿಂದ. ಊಟಕ್ಕೆ ಬಿಟ್ಟಾಗ ಅಸಿಸ್ಟೆಂಟ್ ಡೈರೆಕ್ಟರ್ ಓಡಿ ಬಂದು, "ಅಣ್ಣ, ನೀವು ಏಳ್ಬೇಡಿ. ರಕ್ತ ಅಳಿಸಿದ್ರೆ ಕಂಟಿನ್ಯುಟಿ ಹೋಗ್ತದೆ" ಅನ್ನುತ್ತಾನೆ. ಬಡವರಿಗಾಗಿ ಅತ್ತವನು ಕ್ಯಾರವಾನಿನೊಳಗೆ ಬಿರಿಯಾನಿ ತಿನ್ನುತ್ತಾನೆ. ಬಡವ ಜಲ್ಲಿಯ ಮೇಲೆ ಬಿದ್ದು ಬಿರಿಯಾನಿಯ ವಾಸನೆ ತಿನ್ನುತ್ತಾನೆ.

"ನಿಮ್ಮ ಮುಖದಲ್ಲಿ ಒಂದು ನ್ಯಾಚುರಲ್ ಬಡತನ ಇದೆ," ಎಂದು ಒಬ್ಬ ನಿರ್ದೇಶಕ ಹೊಗಳಿದ್ದ. "ಮೇಕಪ್ಪೇ ಬೇಡ."

ಕದಿರೇಶ ಅದನ್ನು ಹೆಂಡತಿ ಭಾರತಮ್ಮನಿಗೆ ಹೇಳಿದ. ಅವಳು ಶ್ರೀನಿವಾಸಪುರದ ಮಂಡಿಯಲ್ಲಿ ಹಗಲೆಲ್ಲಾ ಮಾವಿನಕಾಯಿ ಆರಿಸಿ ಬಂದು, ಸೊನೆ ಹತ್ತಿ ಸುಟ್ಟ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ನನ್ ಮುಖಾನೂ ಕರ್ಕೊಂಡೋಗಿ ತೋರ್ಸು," ಅಂದಳು. "ಜೋಡಿ ಸಿಕ್ಕಿದ್ರೆ ಇನ್ನೂ ಖುಷಿಯಾಗ್ತಾನೆ."

ಸತ್ತ ಪಾತ್ರಗಳಲ್ಲಿ ಕದಿರೇಶನಿಗೆ ತೊಂದರೆ ಇರಲಿಲ್ಲ. ಬದುಕಿದ್ದ ಪಾತ್ರಗಳಲ್ಲಿ ಇತ್ತು. ಬದುಕಿದ್ದರೆ ಮಾತಾಡಬೇಕು. ಅವನ ಮಾತು ಯಾರಿಗೂ ಬೇಡ. "ನಿಮ್ಮ ಕನ್ನಡದಲ್ಲಿ ತೆಲುಗು ಹೊಡೀತದೆ ರೀ," ಅನ್ನುತ್ತಿದ್ದರು. ಶೂಟಿಂಗ್‌ನಲ್ಲಿ ಅವನು ಬಾಯಿ ಆಡಿಸುತ್ತಿದ್ದ. ಆಮೇಲೆ ಬೆಂಗಳೂರಿನ ಯಾವುದೋ ಎ.ಸಿ. ರೂಮಿನಲ್ಲಿ ಯಾರೋ ಒಬ್ಬ ಕೂತು ಅವನ ಬಾಯಿಗೆ ತನ್ನ ದನಿ ತುಂಬುತ್ತಿದ್ದ. ಹಳ್ಳಿಯವನ ಪಾತ್ರಕ್ಕೆ ಹಳ್ಳಿಯವನ ಮೈ ಬೇಕು, ಬೆನ್ನು ಬೇಕು, ಕೆನ್ನೆ ಬೇಕು. ನಾಲಿಗೆ ಮಾತ್ರ ಬೇಡ. ಅಷ್ಟು ವರ್ಷದಲ್ಲಿ ಒಂದು ಸಿನಿಮಾದಲ್ಲೂ ಕದಿರೇಶನ ದನಿ ಇರಲಿಲ್ಲ.

ಹಾಗಿದ್ದೂ ಅವನು ಹೆಸರು ಮಾಡಿದ್ದು ಒಂದು ಮಾತಿನಿಂದ. ಒಂದು ಸಿನಿಮಾದಲ್ಲಿ ಜಮೀನ್ದಾರ ಒದೆಯುತ್ತಾನೆ. ಆಳು ಉರುಳಿ ಬಿದ್ದು, ಎದ್ದು, ಕೈಮುಗಿದು, "ತಪ್ಪಾಯ್ತು ಬುದ್ದೀ!" ಅನ್ನಬೇಕು.

"ನಮ್ ಕಡೆ ಬುದ್ದಿ ಅನ್ನಲ್ಲ ಸಾರ್," ಅಂದಿದ್ದ ಕದಿರೇಶ. "ಸಾಮಿ ಅಂತೀವಿ."

"ಹಳ್ಳಿ ಅಂದ್ರೆ ಬುದ್ದೀನೇ ಕಣಯ್ಯ. ನೀನು ಬಿದ್ದು ಏಳು ಸಾಕು."

ಅವನು ಬಿದ್ದು ಎದ್ದ. ಜಮೀನ್ದಾರನ ಪಾತ್ರದವನಿಗೆ ಒದೆಯಲು ಬರುತ್ತಿರಲಿಲ್ಲ, ಕಲಿಯುವವರೆಗೆ ಒದ್ದ. ಸೊಂಟ ಊದಿಕೊಂಡು ಒಂದು ವಾರ ಕದಿರೇಶ ಕವುಚಿ ಮಲಗಿದ. ಸಿನಿಮಾ ಓಡಲಿಲ್ಲ. ಆದರೆ ಆ ಒಂದು ತುಣುಕು ಮೊಬೈಲುಗಳಲ್ಲಿ ಓಡಿತು. ಕೆಲಸಕ್ಕೆ ತಡವಾಗಿ ಬಂದವರು, ಹೆಂಡತಿಯಿಂದ ಬೈಸಿಕೊಂಡವರು, ಪರೀಕ್ಷೆಯಲ್ಲಿ ಫೇಲಾದವರು ಎಲ್ಲರೂ ಅದಕ್ಕೆ ತುಟಿ ಆಡಿಸಿ ರೀಲ್ಸ್ ಮಾಡಿದರು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ಅವನನ್ನು ನೋಡಿದ ಕೂಡಲೇ ಕೈಮುಗಿದು ಕೂಗುತ್ತಿದ್ದರು, "ತಪ್ಪಾಯ್ತು ಬುದ್ದೀ!" ಒಬ್ಬ ಮೊಬೈಲ್ ಹಿಡಿದು, ನೀವೇ ಒಂದು ಸಲ ಹೇಳಿ ಅಂಕಲ್ ಅಂದ. ಕದಿರೇಶ ಹೇಳಿದ. ಹುಡುಗ ಮುಖ ಹುಳ್ಳಗೆ ಮಾಡಿಕೊಂಡ. "ವಾಯ್ಸ್ ಮ್ಯಾಚ್ ಆಗ್ತಿಲ್ಲ ಅಂಕಲ್."

ಕದಿರೇಶನ ಹೆಸರಿನಲ್ಲಿದ್ದ ಒಂದೇ ಒಂದು ಮಾತು ಅವನದಾಗಿರಲಿಲ್ಲ. ದನಿಯೂ ಅವನದಾಗಿರಲಿಲ್ಲ. ಒದೆ ಮಾತ್ರ ಅವನದು.

*

ಬೋಡಗುಟ್ಟಹಳ್ಳಿಯ ವೇಣುಗೋಪಾಲ್ ಶ್ರೀನಿವಾಸಪುರದ ಅವನ ಬಾಡಿಗೆ ಮನೆಗೆ ಬಂದದ್ದು ಆ ರೀಲ್ಸಿನ ದೆಸೆಯಿಂದ. ಬೋಡಗುಟ್ಟಹಳ್ಳಿ ಸುಗಟೂರಿನಿಂದ ಒಳಕ್ಕೆ ಹೋದರೆ ಸಿಗುವ ಊರು. ಕದಿರೇಶ ಹುಟ್ಟಿದ್ದು ಅದರ ಕೆಳಗಿನ ಕೇರಿಯಲ್ಲಿ. ವೇಣುಗೋಪಾಲ್ ಊರಿನ ದೊಡ್ಡ ಮನೆಯವನು, ಈಗ ಡೈರಿ ಅಧ್ಯಕ್ಷ, ಮುಂದೆ ಇನ್ನೇನೋ ಆಗಬೇಕೆಂದಿರುವವನು. ಇಬ್ಬರಿಗೂ ಒಂದೇ ವಯಸ್ಸು. ಜೊತೆಗೆ ಒಬ್ಬ ಫೋಟೋದವನು ಬಂದಿದ್ದ. ಕ್ಯಾಮೆರಾ ಮೇಲಿದ್ದಾಗ ವೇಣುಗೋಪಾಲ್ "ಕದಿರೇಶ್ ಅವರೇ" ಅನ್ನುತ್ತಿದ್ದ. ಕೆಳಗಿಳಿದ ಕೂಡಲೇ "ಏನ್ಲಾ ಕದ್ರಿಗ".

"ಊರಲ್ಲಿ ರಂಗಮಂದಿರ ಕಟ್ಟಿದ್ದೀವಿ ಕಣೋ. ಮಂತ್ರಿಗಳು ಬಂದು ಉದ್ಘಾಟನೆ ಮಾಡ್ತಾರೆ. ಬೆಳಗ್ಗೆ ನಿಂಗೆ ಸನ್ಮಾನ, ಆಮೇಲೆ ಪೌರಾಣಿಕ ನಾಟಕ. ಬಾ."

ಭಾರತಮ್ಮ ನೀರು ತಂದಿಟ್ಟಳು. ವೇಣುಗೋಪಾಲ್ ಕಾರಿನಿಂದ ತನ್ನ ಬಾಟಲಿ ತರಿಸಿಕೊಂಡ. "ಶುಗರ್ರಮ್ಮ, ಡಾಕ್ಟ್ರು ಹೊರಗಿನ ನೀರು ಬೇಡ ಅಂದವ್ರೆ."

"ನೀರಿಗೂ ಸಕ್ಕರೆ ಹಾಕ್ತೀವಿ ಅಂತ ನಂಗೊತ್ತಿರ್ಲಿಲ್ಲ ಸಾಮಿ," ಅಂದು ಅವಳು ಲೋಟ ಒಳಗೆ ತೆಗೆದುಕೊಂಡು ಹೋದಳು.

ಕದಿರೇಶ ತಲೆ ಎತ್ತಿದ.

"ಬರ್ತೀನಿ. ಒಂದು ಸೀನ್ ಆಡಿಸ್ಬೇಕು. ಕೃಷ್ಣ ಮಲಗಿರೋ ಸೀನು. ನಾನು ಮಲಗ್ತೀನಿ."

ವೇಣುಗೋಪಾಲನ ಕಣ್ಣು ತನಗೆ ತಾನೇ ಕದಿರೇಶನ ಎಡಗಾಲಿನ ಮೇಲೆ ಹೋಯಿತು. ಅದರಲ್ಲಿ ಆರು ಬೆರಳು. ಕಿರುಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳು, ಹೊರಗೆ ತಿರುಗಿಕೊಂಡು.

"ಹಳೇದೆಲ್ಲಾ ಯಾಕೀಗ? ಕಾಲ ಬದಲಾಗಿದೆ ಕಣೋ."

"ಬದಲಾಗಿದ್ರೆ ಒಳ್ಳೇದು. ಆಡಿಸಿ."

"ಆಯ್ತಾಯ್ತು. ಮಾಡ್ಸೋಣ," ಅಂದು ವೇಣುಗೋಪಾಲ್ ಎದ್ದ.

ಕಾರು ಹೋದ ಮೇಲೆ ಭಾರತಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ಅಷ್ಟು ಒದೆ ತಿಂದಿದ್ದು ಸಾಲ್ಲಿಲ್ವಾ ನಿಂಗೆ?"

"ಸೀನು ಅರ್ಧಕ್ಕೆ ನಿಂತೋಗಿದೆ ಕಣೇ," ಅಂದ ಕದಿರೇಶ. "ಮುಗಿಸ್ಬೇಕು."

*

ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ವೇಣುಗೋಪಾಲನ ಅಪ್ಪ ಶ್ರೀನಿವಾಸಪ್ಪನ ರೇಷ್ಮೆ ಹುಳುವಿನ ಮನೆಯಲ್ಲಿ ಕೆಲಸ. ಹಿಪ್ಪುನೇರಳೆ ಸೊಪ್ಪು ಹೊರುವುದು, ಹುಳುವಿನ ಹಿಕ್ಕೆ ಬಾಚುವುದು. ಹುಳುವಿನ ಮನೆಯೊಳಗೆ ಹೋಗಬಹುದು, ಮನುಷ್ಯರ ಮನೆಯೊಳಗೆ ಹೋಗುವಂತಿಲ್ಲ. ಹುಳುವಿಗೆ ಜಾತಿ ಗೊತ್ತಿರಲಿಲ್ಲ.

ವರ್ಷಕ್ಕೊಮ್ಮೆ ಊರಲ್ಲಿ ನಾಟಕ. ಹಾರ್ಮೋನಿಯಂ ಮೇಷ್ಟ್ರು ಆಂಜಿನಪ್ಪ ಮುಳಬಾಗಿಲಿನಿಂದ ಬಂದು ಶಾಲೆಯ ಕೊಠಡಿಯಲ್ಲಿ ಕಲಿಸುತ್ತಿದ್ದರು. ಕದಿರೇಶ ಕಿಟಕಿಯ ಹೊರಗೆ ನಿಂತು ಕಲಿಯುತ್ತಿದ್ದ. ಕೃಷ್ಣನ ಪಾತ್ರ ಶ್ರೀನಿವಾಸಪ್ಪನದು. ಊರಲ್ಲಿ ದೊಡ್ಡವನು ಯಾರೋ ದೇವರೂ ಅವನೇ. ಅರ್ಜುನ ವೇಣುಗೋಪಾಲ್.

ಮಲಗುವ ಸೀನು ಎಲ್ಲರಿಗೂ ಗೊತ್ತಿದ್ದದ್ದೇ. ಯುದ್ಧಕ್ಕೆ ಮೊದಲು ದುರ್ಯೋಧನ, ಅರ್ಜುನ ಇಬ್ಬರೂ ಸಹಾಯ ಕೇಳಲು ಬರುತ್ತಾರೆ. ಕೃಷ್ಣ ಮಲಗಿರುತ್ತಾನೆ, ಅಂದರೆ ಮಲಗಿದವನ ಹಾಗೆ ನಟಿಸುತ್ತಾನೆ. ದುರ್ಯೋಧನ ತಲೆಯ ಹತ್ತಿರ ಕೂರುತ್ತಾನೆ. ಅರ್ಜುನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಅಲ್ಲೇ ಕೂರುತ್ತಾನೆ. ಕೃಷ್ಣ ಕಣ್ಣು ಬಿಟ್ಟಾಗ ಮೊದಲು ಕಾಣುವವನು ಕಾಲ ಬಳಿ ಇದ್ದವನು. "ಬಂದು ಬಹಳ ಹೊತ್ತಾಯಿತೇ, ಅರ್ಜುನ?" ಎಂದು ಕೇಳುತ್ತಾನೆ. ಅರ್ಜುನ "ಈಗ ತಾನೇ ಬಂದೆ, ಭಾವ" ಅನ್ನಬೇಕು.

ವೇಣುಗೋಪಾಲನಿಗೆ ಈ ನಾಲ್ಕು ಪದ ಸಮಯಕ್ಕೆ ಬರುತ್ತಿರಲಿಲ್ಲ. ಕೃಷ್ಣ ಕೇಳುತ್ತಿದ್ದ, ಅರ್ಜುನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮೇಷ್ಟ್ರು ಮರದ ಸ್ಕೇಲಿನಿಂದ ಅವನ ಗೆಣ್ಣಿಗೆ ಹೊಡೆಯುತ್ತಿದ್ದರು. ದೊಡ್ಡ ಮನೆಯ ಹುಡುಗನಿಗೆ ಊರಲ್ಲಿ ಹೊಡೆಯಬಹುದಾದ ಮನುಷ್ಯ ಅವರೊಬ್ಬರೇ.

"ಕೃಷ್ಣ ಕೇಳ್ತಿದ್ದಂಗೆ ಬರ್ಬೇಕಲೇ! ನಿದ್ದೇಲಿ ಕೇಳಿದ್ರೂ ಬರ್ಬೇಕು! ಬಂದು ಬಹಳ ಹೊತ್ತಾಯಿತೇ?"

ಟಪ್.

"ಈಗ ತಾನೇ ಬಂದೆ, ಭಾವ!"

ಟಪ್.

"ಈಗ ತಾನೇ ಬಂದೆ, ಭಾವ!"

ಕಿಟಕಿಯ ಹೊರಗೆ ಕದಿರೇಶ ನಗು ತಡೆದುಕೊಳ್ಳುತ್ತಿದ್ದ. ಕೊನೆಗೆ ಮಾತು ವೇಣುಗೋಪಾಲನ ಮೂಳೆಗಿಳಿಯಿತು.

ನಾಟಕದ ದಿನ ಶ್ರೀನಿವಾಸಪ್ಪನಿಗೆ ಭೇದಿ ಹತ್ತಿತು. ಯಾರದೋ ಮನೆಯ ಗೃಹಪ್ರವೇಶದ ಊಟ ಹೆಚ್ಚಾಗಿತ್ತು. ಜನ ಸೇರಿದ್ದಾರೆ, ತಬಲಾದವನು ಸುತ್ತಿಗೆ ಹಿಡಿದು ಶ್ರುತಿ ಕೂಡಿಸುತ್ತಿದ್ದಾನೆ, ಕೃಷ್ಣ ಪರಮಾತ್ಮ ಚೊಂಬು ಹಿಡಿದು ಹುಣಸೆ ತೋಪಿಗೂ ಮನೆಗೂ ಓಡಾಡುತ್ತಿದ್ದಾನೆ. ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ. ಕಿಟಕಿಯ ಹೊರಗಿನ ದನಿ ಅವರಿಗೆ ಗೊತ್ತಿತ್ತು. ಕದಿರೇಶನನ್ನು ಪರದೆಯ ಹಿಂದಕ್ಕೆ ಎಳೆದುಕೊಂಡರು. ಅವರು ಜಾತಿ ಕೇಳಲಿಲ್ಲ; ಕೇಳಬಾರದೆಂದೇ ಕೇಳಲಿಲ್ಲವೇನೋ. ಮುಖ, ಎದೆ, ಕೈಗೆ ನೀಲಿ ಬಳಿದು, ತಲೆಗೆ ಕಿರೀಟ ಒತ್ತಿದರು. "ಕಾಲ ಮೇಲೆ ಪಂಚೆ ಎಳ್ಕೊ," ಅಂದರು. ಅಷ್ಟೇ.

ಮೊದಲ ಸೀನಿಗೆ ಸಿಳ್ಳೆ ಬಿತ್ತು. ಶ್ರೀನಿವಾಸಪ್ಪನಿಗೆ ಭೇದಿ ಆದ ಮೇಲೆ ಗಂಟಲು ಸರಿಹೋಗಿದೆ ಎಂದು ಯಾರೋ ಅಂದರು. ಎರಡನೆಯದು ಮಲಗುವ ಸೀನು. ಕದಿರೇಶ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದ. ಪಂಚೆ ಜಾರಿತು. ಅವನಿಗೆ ಗೊತ್ತಾಗಲಿಲ್ಲ. ವೇಣುಗೋಪಾಲ್ ಬಂದ, ಎರಡೂ ಕೈಯಲ್ಲಿ ಕಾಲು ಹಿಡಿದು ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿಕೊಂಡು ಕೂತ.

ಕದಿರೇಶ ಕಣ್ಣು ಬಿಟ್ಟ. "ಬಂದು ಬಹಳ ಹೊತ್ತಾಯಿತೇ, ಅರ್ಜುನ?"

ವೇಣುಗೋಪಾಲ್ ಕಾಲು ನೋಡುತ್ತಿದ್ದ. ತುಟಿಯಲ್ಲೇ ಎಣಿಸುತ್ತಿದ್ದ. ಕಣ್ಣಿಗೊತ್ತಿಕೊಂಡ ಮೇಲೆ ಎಣಿಸಿದ್ದೇ ಅವನ ತಪ್ಪು.

"ಅಯ್ಯೋ ಅಪ್ಪಾ! ಇದು ನಮ್ ಕದ್ರಿಗನ ಕಾಲು!"

ಮೊದಲ ಏಟು ದುರ್ಯೋಧನನದು. ಗದೆ ರಟ್ಟಿನದು, ಮುರಿಯಿತು. ಆಮೇಲೆ ಕಟ್ಟಿಗೆ ಬಂತು. ಶ್ರೀನಿವಾಸಪ್ಪ ತೋಪಿನಿಂದ ಓಡಿ ಬಂದು ಕೈಯಲ್ಲಿದ್ದ ಚೊಂಬಿನಿಂದಲೇ ಹೊಡೆದ. ಬೇರೆಯವರು ಕೋಲಿನಿಂದ ಹೊಡೆದರು, ಮುಟ್ಟುವ ಹಾಗಿರಲಿಲ್ಲವಲ್ಲ. ವೇದಿಕೆಯ ಮೇಲೆ ಮೂಗು ಉಜ್ಜಿಸಿದರು. "ತಪ್ಪಾಯ್ತು ಅನ್ನು." ಅವನು ಅಂದ. "ಹಿಂದೆ ಕೂತೋರಿಗೆ ಕೇಳಿಸ್ಲಿ." ಅವನು ಕೂಗಿದ. "ತಪ್ಪಾಯ್ತು ಸಾಮೀ!" ಹಿಂದೆ ಕೂತವರಿಗೂ ಕೇಳಿಸಿತು. ಎಲ್ಲರ ಹಿಂದೆ ಕೂತಿದ್ದವಳು ಅವನ ಅವ್ವ.

ವೇದಿಕೆಗೆ ಗಂಜಲ ಚಿಮುಕಿಸಿ ನಾಟಕ ಮುಂದುವರಿಸಿದರು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಎದ್ದು ಹೋದರು, ಆಮೇಲೆ ಆ ಊರಿಗೆ ಬರಲಿಲ್ಲ.

ಕದಿರೇಶ ನೀಲಿ ಬಣ್ಣದಲ್ಲೇ ಸುಗಟೂರಿಗೆ ನಡೆದು ಕೋಲಾರದ ಮೊದಲ ಬಸ್ಸು ಹತ್ತಿದ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, "ದೇವ್ರಿಗೇನ್ ಟಿಕೆಟ್ಟು, ಕೂತ್ಕೊ ಹೋಗು" ಅಂದ. ಬೋಡಗುಟ್ಟಹಳ್ಳಿಯ ಮುದುಕಿಯೊಬ್ಬಳು ಸೀಟಿನಲ್ಲಿ ಪಕ್ಕಕ್ಕೆ ಸರಿದು ಕೈಮುಗಿದಳು. ಸಂತೆಗೆ ಹೊರಟಿದ್ದಳು, ನಾಟಕ ನೋಡಿರಲಿಲ್ಲ. ಕೇರಿಯವರು ಪಕ್ಕ ಕೂತರೆ ಎದ್ದು ನಿಲ್ಲುತ್ತಿದ್ದವಳು. ಕದಿರೇಶ ಅವಳಿಗೆ ತಾಗಿಕೊಂಡೇ ಕೂತ. ಬಣ್ಣದ ಕೆಳಗೆ ಬಾಸುಂಡೆ ಏಳುತ್ತಿತ್ತು.

ಕೋಲಾರದಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯವರು ಆ ವೇಷ ನೋಡಿ ನಕ್ಕು, ಕಸ ಗುಡಿಸಲು ಇಟ್ಟುಕೊಂಡರು. ಗುಡಿಸುವುದರಿಂದ ಬಾಗಿಲು ಕಾಯುವ ಭಟ, ಭಟನಿಂದ ಕುಡುಕ, ಕುಡುಕನಿಂದ ಹೆಣ. ಕಂಪನಿ ಮುಚ್ಚಿತು. ಟೀವಿ ಬಂತು, ಸಿನಿಮಾ ಬಂತು. ಎಲ್ಲೆಡೆಯೂ ಅವನಿಗೆ ಸಿಕ್ಕಿದ್ದು ಅದೇ ಮೂಗು ಉಜ್ಜುವ ಪಾತ್ರ. ಯಾರೂ ಅವನನ್ನು ಕೇಳದೆಯೇ, ಅವನ ಮುಖದ ಮೇಲೆ ಬರೆದಿದ್ದನ್ನು ಓದಿದವರ ಹಾಗೆ ಅದನ್ನೇ ಕೊಟ್ಟರು.

*

ರಂಗಮಂದಿರದ ಮುಂದೆ ದೊಡ್ಡ ಫ್ಲೆಕ್ಸ್. ಮಂತ್ರಿಗಳ ಮುಖ ಆಳೆತ್ತರ, ವೇಣುಗೋಪಾಲನ ಮುಖ ಅದಕ್ಕಿಂತ ಒಂದು ಗೇಣು ಕಡಿಮೆ. ಕೆಳಗೆ ಮೂಲೆಯಲ್ಲಿ ಪ್ರಿಂಟರಿನವನ ಫೋನ್ ನಂಬರಿನ ಪಕ್ಕ ಕದಿರೇಶ. "ತಪ್ಪಾಯ್ತು ಬುದ್ದಿ ಖ್ಯಾತಿಯ, ನಮ್ಮೂರ ಹೆಮ್ಮೆ." ಶಾಮಿಯಾನದ ನೆರಳಿನಲ್ಲಿ ಊರಿನವರು. ನೆರಳು ಮುಗಿದಲ್ಲಿ ಕೇರಿಯವರು ನಿಂತಿದ್ದರು. ಭಾರತಮ್ಮ ಅವರ ನಡುವೆ ಸೆರಗು ತಲೆಗೆಳೆದುಕೊಂಡು ನಿಂತಳು.

ವೇದಿಕೆಯ ಮೇಲೆ ನಾಟಕದ ಸಾಮಾನು ಜೋಡಿಸಿಟ್ಟಿದ್ದರು. ಹಿಂದೆ ಅರಮನೆಯ ಪರದೆ. ಒಂದು ಬದಿಗೆ ಕೃಷ್ಣನ ಮಂಚ, ಮೇಲೆ ಕೆಂಪು ಮಕಮಲ್ಲು. ನಡುವೆ ಸಿಂಹಾಸನ. ಗಣ್ಯರಿಗೆ ಸೋಫಾ. ಕದಿರೇಶನಿಗೆ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

ಮಂತ್ರಿಗಳು ಇನ್ನೂ ವಕ್ಕಲೇರಿಯ ಕಾರ್ಯಕ್ರಮದಲ್ಲಿದ್ದರು. ಕಾಯುವುದೇಕೆಂದು ಸನ್ಮಾನ ಶುರುವಾಯಿತು. ಬೇರೆಯವರಿಗೆ ವೇಣುಗೋಪಾಲ್ ತಾನೇ ಶಾಲು ಹೊದಿಸಿದ. ಕದಿರೇಶನ ಸರದಿ ಬಂದಾಗ ಶಾಲನ್ನು ತಟ್ಟೆಯಲ್ಲಿಟ್ಟು ಚಾಚಿದ. "ನೀನೇ ಹೊದ್ಕೊಳೋ, ನೀನು ಆಕ್ಟರ್ರು, ಚೆನ್ನಾಗಿ ಹೊದ್ಕೋತೀಯ."

ಕದಿರೇಶ ಶಾಲು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದ, "ನನ್ ಸೀನು ಯಾವಾಗ?"

"ಯಾವ ಸೀನು?"

"ಕೃಷ್ಣ ಮಲಗೋದು."

"ಓ ಅದಾ. ಉಮಾಶಂಕರ ಆಸೆಪಟ್ಟ ಕಣೋ, ನನ್ ಮಗ. ಅವನೇ ಕೃಷ್ಣ. ನಿಂಗೆ ಬೇರೆ ಸೀನಿದೆ, ಭಾರಿ ಸೀನು." ಅವನು ಸಿಂಹಾಸನದ ಮೇಲೆ ಹೋಗಿ ಕೂತು, ಕಾಲ ಮೇಲೆ ಕಾಲು ಹಾಕಿದ. "ನಾನಿಲ್ಲಿ ಕೂತಿರ್ತೀನಿ. ನೀನು ಉರುಳ್ಕೊಂಡ್ ಬಂದು ಕೈಮುಗ್ದು ಹೇಳು. ಮಂತ್ರಿಗಳು ಇಳಿಯೋ ಹೊತ್ತಿಗೆ ನೀನು ನನ್ ಕಾಲ ಹತ್ರ ಇರ್ಬೇಕು. ಫೋಟೋ ಸಖತ್ತಾಗಿ ಬರ್ತದೆ."

ಅವನು ಮೈಕು ತೆಗೆದುಕೊಂಡು ತಾನೇ ಘೋಷಿಸಿದ. ಜನ ಚಪ್ಪಾಳೆ ಹೊಡೆದರು. ಮೊಬೈಲುಗಳು ಮೇಲೆದ್ದವು. ಶಾಮಿಯಾನದಿಂದ ಹುಡುಗರು ಶುರು ಮಾಡಿದರು. "ತಪ್ಪಾಯ್ತು! ತಪ್ಪಾಯ್ತು! ತಪ್ಪಾಯ್ತು!"

ಕದಿರೇಶನ ಮಂಡಿ ಮಡಚಿತು. ಅವನು ಮಡಚಲಿಲ್ಲ, ಅದಾಗೇ ಮಡಚಿತು. ಅಷ್ಟು ವರ್ಷ ಮಡಚಿ ಅಭ್ಯಾಸವಾದ ಮಂಡಿ. ಬಾಯಿಯೂ ತೆರೆಯಿತು. ತಪ್ಪಾಯ್ತು ಅನ್ನುವುದು ಹಲ್ಲಿನ ಹಿಂದೆ ಬಂದು ನಿಂತಿತ್ತು. ಬಿಸಿಲಿನಲ್ಲಿ ನಿಂತ ಭಾರತಮ್ಮ ಕಂಡಳು. ಅವಳು ತಲೆ ಅಲ್ಲಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ಅಂದು ಅವನ ಅವ್ವ ಕೂತಿದ್ದ ಜಾಗದಲ್ಲಿ ನಿಂತಿದ್ದಳು, ಅಷ್ಟೇ.

ಕದಿರೇಶ ಬಾಯಿ ಮುಚ್ಚಿದ. ಮಂಡಿ ನೆಟ್ಟಗೆ ಮಾಡಿದ. ಚಪ್ಪಲಿ ಬಿಟ್ಟು, ನಡೆದು ಹೋಗಿ ಕೃಷ್ಣನ ಮಂಚದ ಮೇಲೆ ಮಲಗಿದ. ಶಾಲನ್ನು ಎದೆಯವರೆಗೆ ಎಳೆದುಕೊಂಡ. ಕಾಲನ್ನು ಸಿಂಹಾಸನದ ಕಡೆ ಚಾಚಿದ. ಬಲಗಾಲ ಮೇಲೆ ಎಡಗಾಲು. ಆರೂ ಬೆರಳು ಊರಿಗೆಲ್ಲಾ ಕಾಣುವ ಹಾಗೆ. ಕಣ್ಣು ಮುಚ್ಚಿದ.

ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. "ಹೆಣದ ಆಕ್ಟಿಂಗು!" ಎಂದು ಒಬ್ಬ ಕೂಗಿದ. ಚಪ್ಪಾಳೆ ಮುಗಿಯಿತು. ಕದಿರೇಶ ಏಳಲಿಲ್ಲ.

"ಸಾಕು, ಏಳೋ," ಅಂದ ವೇಣುಗೋಪಾಲ್, ನಗುತ್ತಾ.

ಏಳಲಿಲ್ಲ.

"ಏಯ್ ಕದ್ರಿಗ. ತಮಾಷೆ ಬೇಡ, ಮಂತ್ರಿಗಳು ಹೊರಟ್ರಂತೆ."

ಉಸಿರು ಹೊಕ್ಕುಳಿನ ಕೆಳಗಿತ್ತು. ಎದೆ ಅಲುಗಲಿಲ್ಲ. ಇದು ಅವನ ಕಸುಬು.

"ಎತ್ರೋ ಇವನ್ನ!" ಇಬ್ಬರು ಹುಡುಗರು ಮೇಲೆ ಹತ್ತಿ ಬಂದರು. ಮಂಚದ ಹತ್ತಿರ ಬಂದು ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. "ನೀನು ಹಿಡ್ಕೋ." "ನೀನೇ ಹಿಡ್ಕೋ." ಇಬ್ಬರೂ ಅಂದೇ ದೇವಸ್ಥಾನದಲ್ಲಿ ವ್ರತದ ಮಾಲೆ ಹಾಕಿಕೊಂಡು ಬಂದವರು. ಒಬ್ಬ ಮೈಕಿನ ಸ್ಟ್ಯಾಂಡಿನಿಂದ ಪಕ್ಕೆಗೆ ತಿವಿದ. ಇನ್ನೊಬ್ಬ ಬಾಟಲಿಯ ನೀರನ್ನು ಮುಖಕ್ಕೆ ಸುರಿದ. ನೀರು ಕಿವಿಯೊಳಗೆ ಇಳಿಯಿತು. ರೆಪ್ಪೆ ಮಿಟುಕಲಿಲ್ಲ. ಮಳೆ ಮಿಷನ್ನಿನ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಸತ್ತು ಬಿದ್ದಿದ್ದವನಿಗೆ ಅರ್ಧ ಬಾಟಲಿ ನೀರು ಯಾವ ಲೆಕ್ಕ?

"ಮಂಚದ ಸಮೇತ ಎತ್ತಿ ಆಚೆ ಇಡಾನಾ?" ಅಂದ ಪಂಚಾಯ್ತಿಯ ಒಬ್ಬ ಮೆಂಬರು.

"ಏ ಥೂ! ಹೆಣ ಹೊತ್ತಂಗೆ ಕಾಣ್ತದೆ. ಮಂತ್ರಿಗಳು ಎದುರಿಗೆ ಬರೋ ಹೊತ್ನಲ್ಲಿ?"

ವೇಣುಗೋಪಾಲ್ ಮೈಕಿನಲ್ಲೇ ಕೂಗಿದ, "ಕೇರಿಯೋರು ಬನ್ರೋ. ನಿಮ್ಮೋನ್ನ ನೀವೇ ಎತ್ಕೊಂಡೋಗಿ."

ಬಿಸಿಲಿನಲ್ಲಿ ನಿಂತವರು ಅಲುಗಲಿಲ್ಲ. ಭಾರತಮ್ಮ ತಲೆಯ ಸೆರಗು ಕೆಳಗೆ ಬಿಟ್ಟಳು.

"ಕರ್ಕೊಂಡ್ ಬಂದೋರು ನೀವು, ಶಾಲು ಕೊಟ್ಟೋರು ನೀವು. ನಾವ್ಯಾಕೆ ಎತ್ತಾನ?" ಅಂದಳು. "ಕಾಲ ಬದಲಾಗಿದೆ ಅಂದ್ರಲ್ಲ ಸಾಮಿ ನಮ್ ಮನೇಲಿ ಬಂದು. ಮುಟ್ಟಿ."

"ಮುಟ್ಟಿ ಸಾಮಿ, ಮುಟ್ಟಿ," ಎಂದು ಹಿಂದಿನಿಂದ ಒಬ್ಬ ಅಂದ. ಇನ್ನೊಬ್ಬ, "ಕಚ್ಚಲ್ಲ, ಸತ್ತವ್ನೆ" ಅಂದ. ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಾಮಿಯಾನದೊಳಗೂ ಯಾರೋ ಕಿಸಕ್ಕೆಂದರು. ಮೊಬೈಲುಗಳು ಒಂದೂ ಕೆಳಗಿಳಿಯಲಿಲ್ಲ. ಅಷ್ಟು ಕ್ಯಾಮೆರಾಗಳ ಮುಂದೆ ಮುಟ್ಟಲಾರೆ ಎನ್ನುವ ಹಾಗೂ ಇಲ್ಲ. ಅದು ಈಗ ಕೇಸಾಗುತ್ತದೆ. ಅಷ್ಟು ಊರಿನ ಮುಂದೆ ಮುಟ್ಟುವ ಹಾಗೂ ಇಲ್ಲ. ಕೋಲಿನಿಂದ ಹೊಡೆಯುವ ಕಾಲವಾಗಿದ್ದರೆ ಸುಲಭವಿತ್ತು.

ಊರ ಬಾಗಿಲಿನಲ್ಲಿ ಸೈರನ್ ಕೇಳಿಸಿತು.

ವೇಣುಗೋಪಾಲ್ ಸಿಂಹಾಸನದಿಂದ ಎದ್ದ. ಮುಖದ ಮೇಲೆ ನಗು ಅಂಟಿಸಿಕೊಂಡ. ಒಂದು ಕೈಯಲ್ಲಿ ಮೈಕು ಹಾಗೇ ಇತ್ತು, ಮರೆತಿದ್ದ. ಮಂಚದ ಬಳಿ ಬಂದು ಹೆಗಲ ಕಡೆ ಕೈ ಚಾಚಿದ. ಕೈ ಅಷ್ಟು ದೂರ ಹೋಗಲಿಲ್ಲ. ಹತ್ತಿರ ಇದ್ದದ್ದು ಕಾಲು. ಸೈರನ್ ಇನ್ನೂ ಹತ್ತಿರ ಬಂತು. ಅವನು ಬಗ್ಗಿದ, ಮಂಚದ ತುದಿಯಲ್ಲಿ ಕೂತ, ಎಡಗಾಲು ಹಿಡಿದು ಅಲ್ಲಾಡಿಸಿದ. ಆರನೆಯ ಬೆರಳು ಅವನ ಅಂಗೈಗೆ ಚುಚ್ಚಿತು.

ಕದಿರೇಶ ಕಣ್ಣು ಬಿಟ್ಟ. ಮೊದಲು ಕಂಡವನು ಕಾಲ ಬಳಿ ಕೂತವನು. ಹೊಕ್ಕುಳಿನ ಕೆಳಗೆ ಅಷ್ಟು ವರ್ಷ ಕಟ್ಟಿಹಾಕಿದ್ದ ಉಸಿರನ್ನು ಬಿಚ್ಚಿದ. ಅವನದೇ ದನಿ. ತೆಲುಗು ಹೊಡೆಯುವ, ಯಾರಿಗೂ ಬೇಡವಾದ ದನಿ. ವೇಣುಗೋಪಾಲನ ಕೈಯ ಮೈಕು ಅದನ್ನು ಹಿಡಿದು ಊರ ನಾಲ್ಕು ದಿಕ್ಕಿಗೆ ಎಸೆಯಿತು.

"ಬಂದು ಬಹಳ ಹೊತ್ತಾಯ್ತೇನ್ಲಾ, ಅರ್ಜುನಾ?"

ವೇಣುಗೋಪಾಲನ ಗೆಣ್ಣು ಜುಮ್ಮೆಂದಿತು. ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಅನ್ನುತ್ತಿರಲಿಲ್ಲ.

"ಈಗ ತಾನೇ ಬಂದೆ, ಭಾವ!"

ಲೌಡ್ ಸ್ಪೀಕರಿನಲ್ಲಿ ಭಾವ, ಭಾವ, ಭಾವ ಎಂದು ಊರ ಹಿಂದಿನ ಬೋಡು ಗುಡ್ಡಕ್ಕೆ ಹೋಗಿ ತಾಗಿ ವಾಪಸು ಬಂತು. ಮಂತ್ರಿಗಳು ಕಾರಿನಿಂದ ಒಂದು ಕಾಲು ಕೆಳಗಿಟ್ಟವರು ಹಾಗೇ ನಿಂತರು.

ಕೇರಿಯ ಕಡೆಯಿಂದ ಕಿವಿ ಮಂದವಾದ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿದಳು, "ಏನಂದ? ಏನಂದ ಅವ್ನು?"

"ಭಾವ ಅಂದ ಕಣಜ್ಜಿ, ನಮ್ ಕದಿರೇಶನ್ನ."

"ಹೌದಾ? ಯಾವ ಅಕ್ಕನ್ನ ಕೊಟ್ರಂತೆ?"

ಆಮೇಲೆ ನಗು ಹಿಡಿಯುವವರು ಯಾರೂ ಇರಲಿಲ್ಲ. ಕೇರಿ ನಕ್ಕಿತು. ಶಾಮಿಯಾನ ತಡೆದುಕೊಂಡು, ಆಮೇಲೆ ನಕ್ಕಿತು. ಮೇಕಪ್ ಅರ್ಧ ಆಗಿದ್ದ ಉಮಾಶಂಕರ ಪರದೆಯ ಸಂದಿನಿಂದ ನೀಲಿ ಮುಖ ಹೊರಗೆ ಹಾಕಿ ಒಳಗೆಳೆದುಕೊಂಡ. ಕದಿರೇಶ ಎದ್ದು ಕೂತು ಚಪ್ಪಲಿ ಮೆಟ್ಟಿದ, ವೇದಿಕೆಯ ಮೇಲೆಯೇ. ಶಾಲನ್ನು ವೇಣುಗೋಪಾಲನ ಹೆಗಲಿಗೆ ಹಾಕಿದ, ಎರಡೂ ಕೈಯಲ್ಲಿ, ಮುಟ್ಟಿ, ಸರಿಯಾಗಿ ಹೊದಿಸಿದ. ಸೀನು ಮುಗಿದಿತ್ತು. ಮೆಟ್ಟಿಲಿಳಿದು ಹೆಂಡತಿಯ ಹತ್ತಿರ ಹೋದ.

"ವಾಯ್ಸ್ ಹೆಂಗಿತ್ತೇ?"

"ಮೈಕು ಅವಂದು, ಬಾಯಿ ನಿಂದು," ಅಂದಳು ಭಾರತಮ್ಮ. "ಪರ್ವಾಗಿಲ್ಲ."

*

ಮಾರನೆಯ ದಿನವೇ ಡೈರಿಯಲ್ಲಿ ಕೇರಿಯ ಹಾಲಿನೊಳಗೆ ನೀರು ಕಾಣಿಸಿತು. ಊರ ಹಾಲಿನಲ್ಲಿ ಕಾಣಿಸಲಿಲ್ಲ. ಕ್ಯಾನುಗಳನ್ನು ವಾಪಸು ಕಳಿಸಿದರು. ಕದಿರೇಶನಿಗೂ ಬೆಂಗಳೂರಿನಿಂದ ಒಂದು ಫೋನು ಬಂದಿತ್ತು, ಒದೆ ತಿನ್ನುವ ಪಾತ್ರ. "ದನಿ ನಂದೇ ಇರ್ಬೇಕು," ಅಂದ. ಫೋನು ಕಟ್ಟಾಯಿತು.

ಕೇರಿಯವರು ಹಾಲನ್ನು ಚೆಲ್ಲಲಿಲ್ಲ. ಕ್ಯಾನುಗಳನ್ನು ಸೈಕಲ್ಲಿಗೆ, ತಲೆಗೆ ಏರಿಸಿಕೊಂಡು ಪಕ್ಕದೂರಿನ ಡೈರಿಗೆ ನಡೆಯತೊಡಗಿದರು. ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಕೈ ನೋಯುತ್ತದೆ, ಕತ್ತು ನೋಯುತ್ತದೆ. ದಾರಿ ದೊಡ್ಡ ಮನೆಯ ಮುಂದೆಯೇ ಹೋಗುತ್ತದೆ. ಅಲ್ಲಿಗೆ ಬಂದಾಗ ಎಲ್ಲರೂ ಒಂದು ಗಳಿಗೆ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಾರೆ. ಬಾಗಿಲು ಹಾಕಿರುತ್ತದೆ. ಒಳಗೆ ಮನುಷ್ಯರಿದ್ದಾರೆ ಎಂದು ಗೊತ್ತಿರುತ್ತದೆ. ಆಗ ಯಾರಾದರೂ ಒಬ್ಬರು, ದಿನಕ್ಕೊಬ್ಬರಂತೆ, ಕತ್ತಿನ ನರ ಉಬ್ಬುವ ಹಾಗೆ ಕೂಗುತ್ತಾರೆ:

"ಬಾಮೈದಾ, ಹಾಲು ಬೇಕೇನಪ್ಪೋ?"